ಕಳಸದಲ್ಲಿ ಕರೆಂಟು ಹೊಡೆದ ಹಾಡು!

ತೆರೆಮರೆಯ ತಾಳ: ಪ್ರತಿ ವಾರದ ಅಂಕಣ

ಗೆಳೆಯರೇ, ಮೊದಲು ಒಂದು ಸಣ್ಣ ಪರೀಕ್ಷೆ. ‘ಗೀತಾ’ ಚಿತ್ರದ ಯಾವುದಾದರೂ ಒಂದು ಹಾಡು ಮೊಬೈಲಿನಲ್ಲಿ ಹಾಕಿ. 1981ರ ಚಿತ್ರ. ನಿರ್ದೇಶಕ, ನಾಯಕ ಎರಡೂ ನಮ್ಮ ಶಂಕರ್‌ನಾಗ್. ಸಂಗೀತ ಇಳಯರಾಜ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಿ. ಹಾಡುವವರನ್ನು ಬಿಡಿ, ಪಿಟೀಲು ಬಿಡಿ, ಡ್ರಮ್ಮು ಬಿಡಿ. ಎಲ್ಲದರ ಕೆಳಗೆ, ನೆಲಕ್ಕೆ ತಾಗಿಕೊಂಡ ಹಾಗೆ, ದುಂಡಗಿನ ಒಂದು ಸದ್ದು ಹೆಜ್ಜೆ ಹಾಕುತ್ತಾ ಇರುತ್ತದೆ. ಕೇಳಿಸಿತೇ? ಅದೇ ಬೇಸ್ ಗಿಟಾರ್!

ಈಗ ಇಯರ್‌ಫೋನ್ ಕಿತ್ತು ಮೊಬೈಲಿನ ಪುಟ್ಟ ಸ್ಪೀಕರಿನಲ್ಲೇ ಅದೇ ಹಾಡು ಕೇಳಿ. ಬೇಸು ಹೆಚ್ಚುಕಮ್ಮಿ ಮಾಯ! ಹಾಡು ಇದೆ, ಆದರೆ ಮೈ ಇಲ್ಲ. ಉಪ್ಪು ಹಾಕದ ಸಾರಿನ ಹಾಗೆ. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಾಗ ಊಟವೇ ಇಳಿಯುವುದಿಲ್ಲ.

ಇಳಯರಾಜರ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ನುಡಿಸಿದವರು ಶಶಿಧರನ್. ಈ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೀರೋನ ಶರ್ಟಿನ ಬಣ್ಣ ನಮಗೆ ನೆನಪಿರುತ್ತದೆ, ಈ ಹೆಸರು ಇರುವುದಿಲ್ಲ! ಅಮೆರಿಕದಲ್ಲೂ ಇದೇ ಕಥೆ. ಡೆಟ್ರಾಯ್ಟ್‌ನ ಮೋಟೌನ್ ಕಂಪನಿಯ ಸಾಲು ಸಾಲು ಹಿಟ್ ಹಾಡುಗಳಿಗೆ ಬೇಸ್ ನುಡಿಸಿದವನು ಜೇಮ್ಸ್ ಜೇಮರ್ಸನ್. 1971ರಲ್ಲಿ ಮಾರ್ವಿನ್ ಗೇ ಅವರ ಒಂದು ಎಲ್.ಪಿ. ಬರುವ ತನಕ ಆ ಕಂಪನಿಯ ತಟ್ಟೆಗಳ ಮೇಲೆ ಅವನ ಹೆಸರೇ ಬಂದಿರಲಿಲ್ಲ!

ಇರಲಿ. ಈ ವಾರದ ಕಥೆ ಮದರಾಸಿನದಲ್ಲ, ಡೆಟ್ರಾಯ್ಟ್‌ನದೂ ಅಲ್ಲ. ನಮ್ಮ ಮೂಡಿಗೆರೆಯದು.

* * *

ನಮ್ಮ ಕಾಫಿ ಸೀಮೆಯಲ್ಲಿ ರಸಮಂಜರಿ ಅಂದರೆ ಗೊತ್ತಲ್ಲ? ಗಣಪತಿ ಹಬ್ಬ, ಜಾತ್ರೆ, ರಾಜ್ಯೋತ್ಸವ... ಯಾವುದಾದರೂ ನೆಪ ಸಿಕ್ಕರೆ ಸಾಕು. ಹಲಗೆ ಜೋಡಿಸಿದ ಸ್ಟೇಜು, ಬಣ್ಣದ ಬಲ್ಬು, ಹಿಂದೆ ಗುಡುಗುಡು ಅನ್ನುವ ಜನರೇಟರು, ಮುಂದೆ ಸ್ವೆಟರು ಹಾಕಿಕೊಂಡ ಜನ. ಅಣ್ಣಾವ್ರ ಹಾಡು ಬಂತೋ, ಶಿಳ್ಳೆ!

ಅಂಥ ಒಂದು ತಂಡದಲ್ಲಿ ಇಪ್ಪತ್ತು ವರ್ಷದಿಂದ ಬೇಸ್ ನುಡಿಸುವ ಒಬ್ಬ ಅಣ್ಣ ಇದ್ದಾರೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಹಗಲು ಎಸ್ಟೇಟಿನಲ್ಲಿ ರೈಟರ್ ಕೆಲಸ, ಆಳುಗಳ ಹಾಜರಿ, ಗೊಬ್ಬರದ ಲೆಕ್ಕ. ರಾತ್ರಿ ಕಪ್ಪು ಶರ್ಟು, ಹೆಗಲಿಗೆ ಗಿಟಾರು. ಆ ಗಿಟಾರು ಕೋಲ್ಕತ್ತಾ ಕಡೆ ತಯಾರಾದದ್ದು. ತಲೆಯ ಮೇಲಿದ್ದ ಕಂಪನಿ ಹೆಸರು ಯಾವತ್ತೋ ಅಳಿಸಿಹೋಗಿದೆ. ಮಂಗಳೂರಿನಲ್ಲಿ ಯಾರೋ ಬ್ಯಾಂಡಿನವರಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡು, ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಸೀಟಿನ ಮೇಲೆ ಮಗು ಮಲಗಿಸಿದ ಹಾಗೆ ಮಲಗಿಸಿಕೊಂಡು ತಂದದ್ದು!

ಹೋದ ವರ್ಷ ಕಳಸದಲ್ಲಿ ಕಾರ್ಯಕ್ರಮ. ಮಳೆ ಬಂದು ನಿಂತಿತ್ತು, ಸ್ಟೇಜಿನ ಹಲಗೆ ಒದ್ದೆ. ಅಣ್ಣ ಆಂಪ್ಲಿಫೈಯರ್ ಹಾಕಿದ್ದೇ ತಡ... ಗುಂಯ್ಯ್ಯ್! ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು. ಆರಿಸಿದರು, ಹಾಕಿದರು, ಮತ್ತೆ ಗುಂಯ್. ಆಗ ಅಲ್ಲಿದ್ದ ಒಬ್ಬ ಮಹಾನುಭಾವ ಬಂದು, “ಅರ್ತ್ ಪಿನ್ ತೆಗೆದು ಹಾಕಿ ಮಾರಾಯ್ರೇ, ಹೋಗ್ತದೆ” ಅಂದ. ಪ್ಲಗ್ಗಿನ ಮೂರನೇ ಪಿನ್ನು ಕಿತ್ತರು. ಸದ್ದು ಸ್ವಲ್ಪ ಇಳಿಯಿತು. ಎಲ್ಲರಿಗೂ ಖುಷಿ.

ಮೂರನೇ ಹಾಡು. ಕೋರಸ್ ಹೇಳಲು ಅಣ್ಣ ಮೈಕಿಗೆ ಬಾಗಿದರು. ಎರಡೂ ಕೈ ಗಿಟಾರಿನ ತಂತಿಯ ಮೇಲೆ. ತುಟಿ ಮೈಕಿನ ಜಾಲರಿಗೆ ತಾಗಿತು... ಫಟ್! ಮನುಷ್ಯ ಹಿಂದಕ್ಕೆ ಹಾರಿ ಡ್ರಮ್ಮಿನ ಮೇಲೆ ಬಿದ್ದರು. ಜನ ಏನಂದುಕೊಂಡರು ಗೊತ್ತೇ? ಹೊಸ ಸ್ಟೆಪ್ಪು ಅಂದುಕೊಂಡು ಶಿಳ್ಳೆ ಹೊಡೆದರು!

ಪುಣ್ಯಕ್ಕೆ ತುಟಿ ಸುಟ್ಟದ್ದಷ್ಟೇ. ಆದರೆ ವಾರದ ಮೇಲೆ ತಂಡದ ಯಜಮಾನರು ಅಂದ ಮಾತು ಕರೆಂಟಿಗಿಂತ ಜೋರಾಗಿ ಹೊಡೆಯಿತು. “ಆ ಹಳೇ ಗಿಟಾರಿನ ಸಹವಾಸ ಸಾಕು. ಮುಂದಿನ ಸಲದಿಂದ ಬೇಸು ಬೇಡ. ಕೀಬೋರ್ಡಿನವನ ಎಡಗೈಯಲ್ಲೇ ಬರ್ತದೆ.”

ಇಪ್ಪತ್ತು ವರ್ಷದ ಸೇವೆಗೆ ಒಂದು ಎಡಗೈ ಸಾಕಾಯಿತು!

* * *

ಒಂದು ಸಂಜೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕರು. ಕೈಯಲ್ಲಿ ಗಿಟಾರಿನ ಚೀಲ.

“ಎಲ್ಲಿಗಣ್ಣ?”

“ಚಿಕ್ಕಮಗಳೂರಿಗೆ ಮಾರಾಯ. ಯಾರಾದ್ರೂ ತಗೊಂಡ್ರೆ ಕೊಟ್ಟು ಬರೋಣ ಅಂತ.”

ನಾನು ಚೀಲ ಕಸಿದುಕೊಂಡೆ. ನಿಮಗೆ ಗೊತ್ತಿರಲಿ, ನಿಮ್ಮ ಈ ಅಂಕಣಕಾರ ಪಿಯುಸಿ ಬಿಟ್ಟ ಮೇಲೆ ಪೆನ್ನು ಹಿಡಿಯುವ ಮೊದಲು ಹಿಡಿದದ್ದು ಸೋಲ್ಡರಿಂಗ್ ಐರನ್ನು! ಎರಡು ವರ್ಷ ಒಂದು ರೇಡಿಯೋ-ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೂತವನು. ಆ ಅಂಗಡಿಯ ಗುರುಗಳು ಈಗಲೂ ಇದ್ದಾರೆ, ಈಗಲೂ ಬೈಯುತ್ತಾರೆ. ಸೀದಾ ಅಲ್ಲಿಗೇ ಕರೆದುಕೊಂಡು ಹೋದೆ.

ಗುರುಗಳು ಕನ್ನಡಕ ಏರಿಸಿ ಮೊದಲು ನೋಡಿದ್ದು ತಂತಿಯನ್ನಲ್ಲ, ಕುತ್ತಿಗೆಯನ್ನು. ಬಂದೂಕಿನ ನಳಿಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು. “ಮರ ನೆಟ್ಟಗಿದೆ. ತಿರುಚಿಲ್ಲ. ಇದಕ್ಕೆ ದುಡ್ಡು ಹಾಕಬಹುದು” ಅಂದರು. ಈ ಮಾತು ಬರೆದಿಟ್ಟುಕೊಳ್ಳಿ ಗೆಳೆಯರೇ. ಹಳೆಯ ಗಿಟಾರಿನ ಕುತ್ತಿಗೆ ತಿರುಚಿಕೊಂಡಿದ್ದರೆ ಒಳಗೆ ಬಂಗಾರದ ತಂತಿ ಹಾಕಿದರೂ ದಂಡ.

“ಹೊಸದೇ ತಗೋಬಹುದಲ್ಲಣ್ಣ?” ಅಂತ ನಾನು ಕೇಳಿದ್ದೆ.

“ಎಂಥ ಹೊಸದು! ಈ ಕುತ್ತಿಗೆ ಮೇಲೆ ನನ್ನ ಬೆರಳು ಕತ್ತಲೆಯಲ್ಲೂ ನಡೀತದೆ. ಹೊಸದಕ್ಕೆ ಮತ್ತೆ ಇಪ್ಪತ್ತು ವರ್ಷ ಎಲ್ಲಿಂದ ತರಲಿ?”

ನಾನು ಸುಮ್ಮನಾದೆ.

* * *

ಹಿಂದಿನ ಪ್ಲೇಟು ಬಿಚ್ಚಿದರೆ ಒಳಗೆ ಏನಿತ್ತು ಗೊತ್ತೇ? ಮಸಿ! ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಅಂತ ಅಣ್ಣ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಅಡಿಕೆ, ಕೊಬ್ಬರಿಗೆ ಆಗುವ ಜಾಗ ಗಿಟಾರಿಗೂ ಆಗುತ್ತದೆ ಅನ್ನುವ ಲೆಕ್ಕ. ಕುತ್ತಿಗೆ ಬಾಗದೆ ಉಳಿದದ್ದು ಅದೃಷ್ಟ. ವಾಲ್ಯೂಮ್ ಕಂಟ್ರೋಲುಗಳ ಹೊಟ್ಟೆಗೆ ಮಾತ್ರ ಹೊಗೆ ಸೇರಿಕೊಂಡಿತ್ತು.

ಗುರುಗಳು ಕುರ್ಚಿಗೆ ಒರಗಿ ಪಾಠ ಶುರು ಮಾಡಿದರು. ಗಿಟಾರಿನ ಕೆಟ್ಟ ಸದ್ದು ಮೂರು ಜಾತಿ. ಗುಬುಟು ತಿರುಗಿಸಿದಾಗ ‘ಕರಕರ’, ಅದು ವಾಲ್ಯೂಮ್ ಕಂಟ್ರೋಲಿನದು, ಇಲ್ಲವೇ ಸಡಿಲಾದ ಜ್ಯಾಕಿನದು. ‘ಝುಯ್’ ಅಂತ ಸಣ್ಣಗೆ ಕೊರೆಯುವುದು, ಅದು ಟ್ಯೂಬ್‌ಲೈಟು, ಡಿಮ್ಮರು ಇವುಗಳಿಂದ ಗಾಳಿಯಲ್ಲಿ ಬಂದು ಒಳಗಿನ ವಯರಿಗೆ ಅಂಟಿಕೊಳ್ಳುವುದು. ಮೂರನೆಯದು ದಪ್ಪನೆಯ ‘ಗುಂಯ್’. ಅದು ಪಿಕಪ್ಪಿನದು.

ಪಿಕಪ್ಪು ಅಂದರೆ ದೊಡ್ಡ ಮಾಯೆಯೇನಲ್ಲ. ತಂತಿಗಳ ಕೆಳಗೆ ಆಯಸ್ಕಾಂತ, ಅದರ ಸುತ್ತ ತಲೆಕೂದಲಿನಷ್ಟು ತೆಳುವಾದ ತಾಮ್ರದ ತಂತಿ, ಮಿಲಿಮೀಟರಿನ ಹದಿನಾರನೇ ಒಂದು ಭಾಗ ದಪ್ಪ, ಸಾವಿರಗಟ್ಟಲೆ ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದರೆ ಈ ಸುರುಳಿಯಲ್ಲಿ ಒಂದು ಪುಟ್ಟ ಕರೆಂಟು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತನ್ನ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗ ಒಳಗಿದ್ದದ್ದು ಇಷ್ಟೇ. ಇವತ್ತಿಗೂ ಮೂಲ ಅದೇ.

ತೊಂದರೆ ಏನೆಂದರೆ ಆ ಸುರುಳಿಗೆ ತಂತಿಯ ಹಾಡು ಯಾವುದು, ಲೈನಿನ ಕರೆಂಟು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಕೇಳಿಸಿಕೊಳ್ಳುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅಲುಗುತ್ತದೆ. ಬೇಸಿನ ಅತಿ ದಪ್ಪ ತಂತಿ ಬಿಟ್ಟು ಮೀಟಿದರೆ 41 ಸಲ, ಅದರದೇ ಮೂರನೇ ಮನೆ ಒತ್ತಿದರೆ 49 ಸಲ. ನೋಡಿದಿರಾ ತಮಾಷೆ? ಬೇಸಿನವನ ಮನೆಯೊಳಗೇ ಬಂದು ಕೂತಿದೆ ಈ ಗುಂಯ್! ಬೇರೆ ವಾದ್ಯದವರು ಕೆಳಗಿನ ಸದ್ದನ್ನು ಮಿಕ್ಸರಿನಲ್ಲಿ ಕತ್ತರಿಸಿ ಬಿಸಾಡಬಹುದು. ಬೇಸಿನವನು ಕತ್ತರಿಸಿದರೆ ಅವನ ಹಾಡೇ ಹೋಯಿತು.

ಇದಕ್ಕೆ ಉಪಾಯವೂ ಹಳೆಯದೇ. ಎರಡು ಸುರುಳಿ ಇಡು. ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಸುತ್ತಿದ ಹಾಗೆ ಮಾಡು. ಆಗ ಎರಡರಲ್ಲೂ ಬರುವ ಗುಂಯ್ ಎದುರುಬದುರಾಗಿ ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಹಾಡೂ ಸಾಯಬಾರದಲ್ಲ? ಅದಕ್ಕೆ ಒಂದರ ಆಯಸ್ಕಾಂತವನ್ನೂ ತಲೆಕೆಳಗು ಮಾಡು. ಹಾಡು ಕೂಡಿಕೊಳ್ಳುತ್ತದೆ, ಗುಂಯ್ ಕಳೆದುಕೊಳ್ಳುತ್ತದೆ! 1957ರಲ್ಲಿ ಫೆಂಡರ್ ಒಂದೇ ಪಿಕಪ್ಪನ್ನು ಎರಡು ತುಂಡು ಮಾಡಿ ಕೂರಿಸಿದ್ದರ ಗುಟ್ಟು ಇದೇ.

* * *

ಅಣ್ಣನ ಗಿಟಾರಿನಲ್ಲಿ ಎರಡು ಪಿಕಪ್ಪು. ಗುರುಗಳು ಮಲ್ಟಿಮೀಟರ್ ಇಟ್ಟರು. ಮುಂದಿನದು ಏಳೂವರೆ ಸಾವಿರ ಓಮ್ ತೋರಿಸಿತು, ಜೀವ ಇದೆ. ಹಿಂದಿನದಕ್ಕೆ ಮುಳ್ಳು ಮಿಸುಕಲೇ ಇಲ್ಲ. ಒಳಗೆಲ್ಲೋ ತುಕ್ಕು ಹಿಡಿದು ಎಳೆ ತುಂಡಾಗಿದೆ. ಎಷ್ಟು ವರ್ಷದಿಂದಲೋ ಅಣ್ಣ ಒಂದೇ ಪಿಕಪ್ಪಿನಲ್ಲಿ ನುಡಿಸುತ್ತಿದ್ದರು. ಗುಂಯ್ ಹೋಗುವುದಾದರೂ ಹೇಗೆ?

ಪಂಪ್‌ಸೆಟ್ಟಿನ ಮೋಟಾರ್ ಸುತ್ತುವ ವೈಂಡಿಂಗ್ ಅಂಗಡಿಗೆ ಹೋದೆವು. ಅವರು ಪಿಕಪ್ಪಿನ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ ನಕ್ಕರು. “ಇದು ಜೇಡರ ಬಲೆ ಮಾರಾಯ್ರೇ. ನನ್ನ ಹತ್ರ ಇರೋದು ಹಗ್ಗ!” ಅಂದರು. ಆ ದಾರಿ ಮುಚ್ಚಿತು.

ಕೊನೆಗೆ ಒಂದು ಜೋಡಿ ಪಿಕಪ್ಪು ಕೊರಿಯರಿನಲ್ಲಿ ತರಿಸಿದೆವು. ಜೋಡಿ ಅಂದರೆ ಜೋಡಿಯೇ ಆಗಬೇಕು, ಒಂದರ ಸುತ್ತೂ ಆಯಸ್ಕಾಂತವೂ ಇನ್ನೊಂದಕ್ಕೆ ಉಲ್ಟಾ ಇರುವಂಥದ್ದು. ಬೇರೆ ಬೇರೆ ಕಡೆ ಬಿಡಿಯಾಗಿ ಕೊಂಡರೆ ಈ ಹೊಂದಾಣಿಕೆ ಸಿಗದೆ ಹೋಗಬಹುದು. ಕೊಳ್ಳುವ ಮೊದಲು ಸ್ಕೇಲು ಹಿಡಿದು ಅಳತೆಯನ್ನೂ ತೆಗೆದುಕೊಳ್ಳಿ. ಈ ಜಾತಿಯಲ್ಲಿ ಮುಂದಿನದಕ್ಕಿಂತ ಹಿಂದಿನದು ಕೂದಲೆಳೆ ಉದ್ದ. ನಾವು ಅಳತೆ ತೆಗೆಯದೆ ಪೆಟ್ಟು ತಿಂದೆವು. ಬಡಗಿ ಅಣ್ಣನನ್ನು ಕರೆದು ಉಳಿಯಲ್ಲಿ ಗುಳಿ ದೊಡ್ಡದು ಮಾಡಿಸಬೇಕಾಯಿತು. ಗಿಟಾರಿಗೆ ಉಳಿ ತಾಗುವಾಗ ನಮ್ಮ ಬೇಸಿನ ಅಣ್ಣ ಹೊರಗೆ ಹೋಗಿ ನಿಂತರು. ಆಪರೇಷನ್ ಥಿಯೇಟರಿನ ಹೊರಗೆ ಅಪ್ಪ ನಿಂತ ಹಾಗೆ!

ಬೆಂಗಳೂರಿಗೆ ಹೋದವನು ಎಸ್.ಪಿ. ರೋಡಿನಿಂದ ಉಳಿದ ಸಾಮಾನು ತಂದೆ. 250 ಕೆ ವಾಲ್ಯೂಮ್ ಕಂಟ್ರೋಲ್ ಮೂರು, ಟೋನಿಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು (ಮೈಮೇಲೆ 473 ಅಂತ ಬರೆದಿರುತ್ತದೆ), ಹೊಸ ಜ್ಯಾಕು, ಅಂಟು ಇರುವ ತಾಮ್ರದ ಹಾಳೆ ಒಂದು ಸುರುಳಿ. ಎಲ್ಲ ಸೇರಿಸಿ ಪಿಕಪ್ಪಿನ ಖರ್ಚೂ ಕೂಡಿದರೆ ಅಣ್ಣನ ಒಂದು ರಾತ್ರಿಯ ಸಂಭಾವನೆಗಿಂತ ತುಸು ಜಾಸ್ತಿ. ಅಷ್ಟೇ.

“ಬ್ಯಾಟರಿ ಹಾಕೋ ಆಕ್ಟಿವ್ ಸರ್ಕೀಟು ಬರ್ತದಂತಲ್ಲ, ಅದನ್ನೇ ಹಾಕೋಣವಾ?” ಅಂತ ಅಣ್ಣ ಆಸೆಪಟ್ಟರು. ಒಳ್ಳೆಯದೇ. 9 ವೋಲ್ಟಿನ ಬ್ಯಾಟರಿ, ಬೇಸು-ಟ್ರೆಬಲ್ಲು ಬೇರೆ ಬೇರೆ ಏರಿಸಬಹುದು. ಗುರುಗಳು ಒಪ್ಪಲಿಲ್ಲ. “ರಾತ್ರಿ ಹನ್ನೊಂದಕ್ಕೆ ಕಳಸದಲ್ಲಿ ಬ್ಯಾಟರಿ ಸತ್ರೆ ಯಾವ ಅಂಗಡಿ ತೆಗೆದಿರ್ತದೆ? ಬ್ಯಾಟರಿ ಇಲ್ಲದ್ದು ಸಾಯೋದಿಲ್ಲ.” ತೀರ್ಪು ಬಂತು!

ಗುಳಿಯ ಒಳಗೋಡೆಗೆಲ್ಲ ತಾಮ್ರದ ಹಾಳೆ ಅಂಟಿಸಿ, ಹಾಳೆಗಳ ಸೇರುವೆಗೆ ಬೆಸುಗೆ ಹಾಕಿ ಅರ್ತಿಗೆ ಕೂಡಿಸಿದೆವು. ‘ಝುಯ್’ಗೆ ಇದೇ ಗೋಡೆ. ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆ ಅಗ್ಗ ಅಂತ ಹೋಗಬೇಡಿ, ಅದಕ್ಕೆ ನಮ್ಮ ಮಾಮೂಲಿ ಬೆಸುಗೆ ಕಚ್ಚುವುದಿಲ್ಲ. ಸೇತುವೆಯಿಂದ, ಅಂದರೆ ತಂತಿಗಳು ಕೆಳಗೆ ಕೂರುವ ಲೋಹದ ಪಟ್ಟಿಯಿಂದ, ಒಂದು ವಯರು ಅರ್ತಿಗೆ ಬರಬೇಕು. ಅಣ್ಣನದರಲ್ಲಿ ಅದು ಬೂದಿಬಣ್ಣಕ್ಕೆ ತಿರುಗಿ ಅರ್ಧ ಬಿಟ್ಟಿತ್ತು. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಕೆಟ್ಟದ್ದು ಮಂಕಾಗಿರುತ್ತದೆ. ಕಣ್ಣಿಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿ ಹಾಕಿದರೆ... ಅಯ್ಯೋ! ಎರಡೂ ಪಿಕಪ್ಪು ಒಟ್ಟಿಗೆ ತೆರೆದರೆ ಸೊಳ್ಳೆ ಹಾಡಿದ ಹಾಗೆ! ಬೇಸೇ ಇಲ್ಲ! ಅಣ್ಣನ ಮುಖ ಬಾಡಿತು. ಗುರುಗಳು ನನ್ನ ಕಡೆ ನೋಡಿದ ನೋಟ ಹೇಳಬಾರದು. ತಪ್ಪು ನನ್ನದೇ. ಒಂದು ಪಿಕಪ್ಪಿನ ಎರಡು ವಯರು ಅದಲುಬದಲು ಮಾಡಿದ್ದೆ. ಗುಂಯ್ ಸೇರಿಕೊಂಡು ಹಾಡು ಹೊಡೆದುಹೋಗುತ್ತಿತ್ತು. ಎರಡು ಬೆಸುಗೆ ಬಿಚ್ಚಿ ತಿರುಗಿಸಿ ಹಾಕಿದೆ.

ಅಣ್ಣ ದಪ್ಪ ತಂತಿ ಒಮ್ಮೆ ಮೀಟಿದರು. ಅಂಗಡಿಯ ಗಾಜಿನ ಬಾಗಿಲು ‘ಝಲ್’ ಅಂದಿತು! ಕೈ ತೆಗೆದರು. ನಿಶ್ಶಬ್ದ. ಹೊರಗೆ ಬಿದ್ದ ಮಳೆಯ ಸದ್ದು ಕೇಳಿಸಿತು. ಅಣ್ಣ ಏನೂ ಮಾತಾಡಲಿಲ್ಲ. ಬರೀ ಮೀಟುತ್ತಾ ಕೂತರು, ಗುರುಗಳು ಅಂಗಡಿ ಬಾಗಿಲು ಹಾಕುವ ತನಕ.

* * *

ಈಗ ಮುಖ್ಯ ಮಾತು. ತಮಾಷೆ ಬದಿಗಿಡೋಣ.

ಕಳಸದಲ್ಲಿ ಆದದ್ದು ಗಿಟಾರಿನ ತಪ್ಪು ಅಂತ ಎಲ್ಲರೂ ತಿಳಿದರು. ಅಲ್ಲ. ಗಿಟಾರಿನ ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ತ್ ಕಿತ್ತದ್ದು ತಪ್ಪು. ಗಿಟಾರಿನ ತಂತಿ ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತದೆ. ಆಂಪ್ಲಿಫೈಯರಿನೊಳಗೆ ಕರೆಂಟು ಸೋರಿದರೆ ಅರ್ತ್ ಅದನ್ನು ನೆಲಕ್ಕೆ ಇಳಿಸುತ್ತದೆ. ಅರ್ತ್ ಕಿತ್ತಿರೋ, ಆ ಕರೆಂಟು ತಂತಿಯಲ್ಲೇ ಕಾದು ಕೂತಿರುತ್ತದೆ. ನೀವು ಮೈಕು ಮುಟ್ಟಿದ ಕೂಡಲೇ ನಿಮ್ಮ ಎದೆಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಎದೆಯಲ್ಲಿ ಇರುವುದು ಏನು ಅಂತ ನಾನು ಹೇಳಬೇಕೇ?

1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ಸ್ಟೇಜಿನ ಮೇಲೇ ಹೋಗಿಬಿಟ್ಟರು. ಅರ್ತ್ ಸರಿ ಇಲ್ಲದ ಮೈಕು ಮುಟ್ಟಿದ್ದಷ್ಟೇ. ವಯಸ್ಸು 27. ನನಗಿಂತ ಒಂದು ವರ್ಷ ಚಿಕ್ಕವರು. ನಮ್ಮ ಅಣ್ಣ ಒದ್ದೆ ಹಲಗೆಯ ಮೇಲೆ ನಿಂತಿದ್ದರು ಅನ್ನುವುದು ನೆನಪಾದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ತಂಡ ಕಟ್ಟಿರುವ ಗೆಳೆಯರೇ, ಇಷ್ಟು ಮಾಡಿ. ಮೂರನೇ ಪಿನ್ನು ಯಾರು ಹೇಳಿದರೂ ಕೀಳಬೇಡಿ. ಸಾಧ್ಯವಾದರೆ ಇಡೀ ಸ್ಟೇಜಿನ ಸಾಮಾನಿಗೆ ಒಂದೇ ಕಡೆಯಿಂದ ಕರೆಂಟು ತೆಗೆದುಕೊಳ್ಳಿ. ಅರ್ಧ ಜನರೇಟರು, ಅರ್ಧ ಪಕ್ಕದ ಮನೆ ಬೇಡ. ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್.ಸಿ.ಸಿ.ಬಿ. ಹಾಕಿಸಿ. ಕಾರ್ಯಕ್ರಮಕ್ಕೆ ಮೊದಲು ಮಲ್ಟಿಮೀಟರನ್ನು ಎ.ಸಿ. ವೋಲ್ಟಿಗಿಟ್ಟು ಒಂದು ಕಡ್ಡಿ ಗಿಟಾರಿನ ತಂತಿಗೆ, ಒಂದು ಕಡ್ಡಿ ಮೈಕಿನ ಜಾಲರಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಿಪ್ಪತ್ತು ವೋಲ್ಟು ತೋರಿಸಿದರೂ ಹಾಡು ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಗಿಟಾರಿನ ಗುಂಯ್‌ಗೆ ಮದ್ದು ಗಿಟಾರಿನೊಳಗೇ ಇದೆ. ಪ್ಲಗ್ಗಿನಲ್ಲಿ ಹುಡುಕಬೇಡಿ!

* * *

ಮೊನ್ನೆ ಮತ್ತೆ ಕಳಸದಲ್ಲಿ ರಸಮಂಜರಿ. ಯಜಮಾನರು “ಒಂದು ಹಾಡಿಗೆ ನೋಡೋಣ” ಅಂತ ಒಪ್ಪಿದ್ದರು. ನಾನೂ ಕೊಟ್ಟಿಗೆಹಾರದಲ್ಲಿ ನೀರುದೋಸೆ ಕಟ್ಟಿಸಿಕೊಂಡು ಅವರ ವ್ಯಾನಿನಲ್ಲೇ ಹೋದೆ. ಮಲ್ಟಿಮೀಟರು ನನ್ನ ಜೇಬಿನಲ್ಲಿ! ಸ್ಟೇಜು ಹತ್ತಿ ತಂತಿ, ಮೈಕು ಎರಡಕ್ಕೂ ಹಿಡಿದು ನೋಡಿದೆ. “ಡಾಕ್ಟ್ರು ಬಂದ್ರು” ಅಂತ ಡ್ರಮ್ಮಿನವನು ನಕ್ಕ. ನಗಲಿ.

ಮೊದಲ ಹಾಡು ಶುರುವಾಯಿತು. ಅಣ್ಣ ಮೈಕಿಗೆ ಬಾಗುವಾಗ ಒಂದು ಕ್ಷಣ ತಡೆದದ್ದು ನನಗೆ ಕಾಣಿಸಿತು. ಆಮೇಲೆ ಬಾಗಿದರು, ಹಾಡಿದರು. ಏನೂ ಆಗಲಿಲ್ಲ. ಏನೂ ಆಗದೆ ಇರುವುದು ಎಷ್ಟು ಚಂದ ಅಂತ ಅವತ್ತು ಗೊತ್ತಾಯಿತು.

ಜನ ಗಾಯಕಿಗೆ ಚಪ್ಪಾಳೆ ಹೊಡೆದರು, ಕೀಬೋರ್ಡಿನವನಿಗೆ ಶಿಳ್ಳೆ ಹೊಡೆದರು. ಬೇಸು ಚೆನ್ನಾಗಿತ್ತು ಅಂತ ಒಬ್ಬರೂ ಹೇಳಲಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಅಮ್ಮನ ತೊಡೆಯ ಮೇಲೆ ಅರೆನಿದ್ದೆಯಲ್ಲಿದ್ದ ಒಂದು ಪುಟ್ಟ ಹುಡುಗನ ಕಾಲು ಅಣ್ಣನ ದಪ್ಪ ತಂತಿಗೆ ಸರಿಯಾಗಿ ಅಲ್ಲಾಡುತ್ತಿತ್ತು. ಅಣ್ಣನಿಗೂ ಅದು ಕಂಡಿತು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಆ ‘ಒಂದು ಹಾಡು’ ಹದಿನೆಂಟು ಹಾಡಾಯಿತು. ಕೊನೆಗೆ ಯಜಮಾನರು ವಯರು ಸುತ್ತುತ್ತಾ ಅಣ್ಣನಿಗೆ ಅಂದದ್ದು ಇಷ್ಟೇ: “ನಾಡಿದ್ದು ಬಾಳೆಹೊನ್ನೂರು. ಆರು ಗಂಟೆಗೆ ವ್ಯಾನ್ ಬರ್ತದೆ.”

ಗೆಳೆಯರೇ, ನಿಮ್ಮ ಊರಿನ ಅಟ್ಟದ ಮೇಲೂ ಇಂಥ ಹಳೆಯ ಗಿಟಾರು ಇದೆಯೇ? ಮಾರುವ ಮೊದಲು ಒಂದು ಸಲ ಹಿಂದಿನ ಪ್ಲೇಟು ಬಿಚ್ಚಿ ನೋಡಿ. ಏನಂತೀರಿ?

ಮುಂದಿನ ವಾರ ಮತ್ತೊಂದು ತಾಳದೊಂದಿಗೆ ಸಿಗೋಣ. ನಮಸ್ಕಾರ!